ಎಳ್ಳುಕಾಳಿನಷ್ಟು ಅಫೀಮು

೧೯೧೨ರಲ್ಲಿ ನಮ್ಮ ಮುತ್ತಜ್ಜ ವನದುರ್ಗದಿಂದ ಎತ್ತಿನ ಗಾಡಿ ಹೂಡಿ, ಸಮುದ್ರವನ್ನೂ ಗಾಡಿಯಲ್ಲೇ ದಾಟಿ, ಹೇಗ್ ಎಂಬ ದೂರದ ಊರಿಗೆ ಹೋದ. ಅಲ್ಲಿ ಕೂಡಿದ್ದ ಹನ್ನೆರಡು ದೇಶಗಳ ದೊರೆಗಳನ್ನು ಗದರಿಸಿ, ಅಫೀಮಿನ ವಿರುದ್ಧ ರುಜು ಹಾಕಿಸಿದ. ನಂಬದವರು ಎತ್ತುಗಳನ್ನೇ ಕೇಳಬಹುದು.

ಈ ಮಾತನ್ನು ನಾನು, ಕಿರಾಣಿ ಅಂಗಡಿಯ ನೀಲಕಂಠ, ಮೊನ್ನೆ ಬಾಲಮ್ಮನ ಕಟ್ಟೆಯ ಮೇಲೆ ಕೂತು ಹೇಳಿದೆ. ಹತ್ತಿ ಬಿಡಿಸುವ ಕಾಲ. ಬಾಲಮ್ಮನ ಸೊಸೆ ದೇವಕಮ್ಮ ಹೊಲಕ್ಕೆ ಹೊರಟಿದ್ದಳು. ಅವಳ ಆರು ತಿಂಗಳ ಕೂಸು ಒಂದೇ ಸಮನೆ ಅಳುತ್ತಿತ್ತು. ಬಾಲಮ್ಮ ಎಳ್ಳುಕಾಳಿನಷ್ಟು ಅಫೀಮನ್ನು ಎದೆಹಾಲಿನಲ್ಲಿ ತೇಯ್ದು, ಬೆರಳಿಗೆ ಹಚ್ಚಿ, ಕೂಸಿಗೆ ನೆಕ್ಕಿಸಲು ಕುಳಿತಿದ್ದಳು. ಆಶಾ ಕಾರ್ಯಕರ್ತೆ ಸಾವಿತ್ರಿಬಾಯಿ ಆ ಕೈ ಹಿಡಿದುಕೊಂಡಿದ್ದಳು.

“ಕೈ ಬಿಡವ್ವಾ. ಸಂಜಿತನಕ ಸುಮ್ನ ಮಲಗತೈತಿ,” ಎಂದಳು ಬಾಲಮ್ಮ.

“ಮಲಗಿದ್ದು ಏಳಲಿಲ್ಲಂದ್ರ? ಇದು ಕೂಸಿನ ಉಸಿರನ್ನ ಮಲಗಸತೈತಿ, ಯಕ್ಕಾ.”

ಆಗಲೇ ನಾನು ನಡುವೆ ಬಾಯಿ ಹಾಕಿ ಮುತ್ತಜ್ಜನ ಗಾಡಿ ಹೂಡಿದ್ದು.

ಸಾವಿತ್ರಿಬಾಯಿ ನಕ್ಕಳು. “ಹೇಗ್ ಊರು ಖರೆ, ಇಸವಿ ಖರೆ. ಗಾಡಿ ಅಷ್ಟ ಸುಳ್ಳು. ಅಫೀಮು ಬೆಳಿಸಿ ಚೀನಾಕ್ಕ ಮಾರಿದ್ದು ನಮ್ಮನ್ನ ಆಳತಿದ್ದ ಇಂಗ್ಲಿಷ್ ಸರ್ಕಾರನ. ಆದ್ರ ಜಗತ್ತು ಕೂಡಿ ಕೇಳಿದಾಗ ಅವರೂ ರುಜು ಹಾಕಿದ್ರು. ೧೯೨೬ರಾಗ ಇನ್ನೊಂದು ಮಾತು ಕೊಟ್ರು. ಔಷಧಕ್ಕ ಬಿಟ್ಟು ಹೊರಗ ಕಳಸೋದನ್ನ ವರ್ಷಾ ವರ್ಷಾ ಕಡಿಮಿ ಮಾಡ್ಕೋತ, ಹತ್ತು ವರ್ಷದಾಗ ಬಂದ್ ಮಾಡ್ತೀವಿ ಅಂದ್ರು.”

ಲಾಭ ತಿಂದ ಸರ್ಕಾರವೇ ಕೈ ಹಿಂದೆ ತೆಗೆಯಿತಲ್ಲ ಎಂದು, ಅಪರೂಪಕ್ಕೊಮ್ಮೆ ನಾನೂ ಇನ್ನೊಬ್ಬರನ್ನು ಮೆಚ್ಚಿಕೊಂಡೆ.

ಬಾಲಮ್ಮ ಮೆಚ್ಚಲಿಲ್ಲ. “ಸರ್ಕಾರದ ಮಾತು ಸರ್ಕಾರಕ್ಕಿರಲಿ. ಆರು ಮಕ್ಕಳನ್ನ ನಾ ಹಿಂಗ ಸಾಕೀನಿ.”

“ಹಡದದ್ದು ಎಷ್ಟು?” ಸಾವಿತ್ರಿಬಾಯಿ ಮೆಲ್ಲಗೆ ಕೇಳಿದಳು.

ಬಾಲಮ್ಮ ಮಡಿಲಿನ ಕೂಸಿನತ್ತ ನೋಡಿದಳು.

“ಎಂಟು. ಎರಡು ಮಲಗಿದಲ್ಲೇ ಹೋದ್ವು. ದೇವ್ರು ಕರಕೊಂಡ ಅಂದ್ರು ಮಂದಿ.”

ದೇವಕಮ್ಮ ಕೂಸನ್ನು ಅತ್ತೆಯ ಮಡಿಲಿನಿಂದ ಎತ್ತಿಕೊಂಡಳು. ಬಾಲಮ್ಮ ಎದ್ದು ಹೋಗಿ, ಬೆರಳನ್ನು ತಿಕ್ಕಿ ತಿಕ್ಕಿ ತೊಳೆದು ಬಂದಳು.

“ನಡಿ, ನಾನೂ ಹೊಲಕ್ಕ ಬರ್ತೀನಿ. ಬದುವಿನ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಕೂಸನ್ನ ತೂಗತೀನಿ. ಅತ್ತಾಗ ನೀ ಬಂದು ಹಾಲು ಕುಡಸು.”

ಆಮೇಲೆ ನನ್ನ ಕಡೆ ತಿರುಗಿದಳು. “ದೊರಿಗಳನ್ನ ಬೈದವರ ವಂಶದಾವ, ಈ ಅಫೀಮು ನನಗ ಕೊಟ್ಟವರು ಯಾರು, ಅದನ್ನೂ ಹೇಳಪಾ.”

ನಾನೇ. ಕದ್ದು ತರಿಸಿ, ಕೇಳಿದ ತಾಯಂದಿರಿಗೆ ಕಾಳಿನಷ್ಟು ಕೊಡುತ್ತಿದ್ದೆ. ನನ್ನಪ್ಪನೂ ಕೊಡುತ್ತಿದ್ದ. ಮುತ್ತಜ್ಜ ಯಾದಗಿರಿ ಸ್ಟೇಷನ್ ದಾಟಿದವನೇ ಅಲ್ಲ. ಮರುದಿನ ಸಾವಿತ್ರಿಬಾಯಿಯ ಜೊತೆ ಹೋಗಿ ಉಳಿದದ್ದನ್ನು ಠಾಣೆಗೆ ಒಪ್ಪಿಸಿದೆ. ಶಿಕ್ಷೆ ಏನೇ ಬರಲಿ, ಅದು ನನ್ನದು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ.

ತಾಯಂದಿರೇ, ಅಜ್ಜಿಯರೇ, ಕೂಸು ಅತ್ತರೆ ಎತ್ತಿಕೊಳ್ಳಿ, ಹಾಲು ಕುಡಿಸಿ. ಎಳ್ಳುಕಾಳಿನಷ್ಟೂ ಅಫೀಮು ಬೇಡ, ನಿದ್ದೆಗುಳಿಗೆಯೂ ಬೇಡ. ಎಬ್ಬಿಸಿದರೂ ಕೂಸು ಏಳದಿದ್ದರೆ ತಡ ಮಾಡದೆ ೧೦೮ಕ್ಕೆ ಫೋನ್ ಮಾಡಿ. ಏನು ನೆಕ್ಕಿಸಿದ್ದೀರಿ ಎಂಬುದನ್ನು ಡಾಕ್ಟರರಿಂದ ಮುಚ್ಚಿಡಬೇಡಿ. ನನ್ನಂಥ ಅಂಗಡಿಯವನು ಕೊಡಲು ಬಂದರೆ ಅವನ ಹೆಸರನ್ನು ಊರಿಗೆಲ್ಲ ಹೇಳಿ.