ಮೂರನೇ ಸಿಲಿಂಡರ್

ಮೊದಲೆರಡು ಸಿಲಿಂಡರಿನ ತಪಾಸಣೆ ಮುಗಿದಿತ್ತು. ಎಂಜಿನಿಯರ್ ಸೌಮ್ಯ ವಿಮಾನದ ಪ್ರೊಪೆಲ್ಲರನ್ನು ಕೈಯಿಂದ ಇಷ್ಟಿಷ್ಟೇ ತಿರುಗಿಸಿ ನಿಲ್ಲಿಸಿ, ಮೂರನೆಯದರ ಸ್ಪಾರ್ಕ್ ಪ್ಲಗ್ಗಿನ ತೂತಿನೊಳಗೆ ಕ್ಯಾಮೆರಾದ ವೈರು ತೂರಿಸಿದಳು. ಹೊಗೆ ಹೊರಹಾಕುವ ವಾಲ್ವು ಪುಟ್ಟ ಪರದೆಯ ಮೇಲೆ ದುಂಡಗೆ ಮೂಡಿತು. ಚೆನ್ನಾಗಿರುವ ವಾಲ್ವಿನ ಮುಖದಲ್ಲಿ ಕಾವಿನ ಬಣ್ಣ ಒಂದರೊಳಗೊಂದು ಬಳೆ ಇಟ್ಟಂತೆ ಸಮನಾಗಿರುತ್ತದೆ. ಇದರಲ್ಲಿ ಬಳೆಗಳು ಒಂದು ಪಕ್ಕಕ್ಕೆ ಜಾರಿದ್ದವು. ಅಂಚಿನಲ್ಲಿ ಉಗುರಿನಷ್ಟು ಜಾಗ ಹಸಿರಿಗೆ ತಿರುಗಿತ್ತು.

ಅವಳಿಗೆ ಅನುಮಾನವಿತ್ತು. ಹಾರಲು ಕಲಿಯುತ್ತಿದ್ದ ಕಂದಿಕೆರೆಯ ಹುಡುಗಿ ಆಶಾ ವಾರದಿಂದ ಹೇಳುತ್ತಿದ್ದಳು, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುತ್ತದೆ, ಕಾದ ಮೇಲೆ ಸರಿಹೋಗುತ್ತದೆ ಎಂದು. ನಾಳೆ ಅದೇ ಆಶಾ ಇದೇ ವಿಮಾನದಲ್ಲಿ ಮೊದಲ ಬಾರಿಗೆ ಒಬ್ಬಳೇ ಹಾರಬೇಕಿತ್ತು.

ಬಸವಕುಮಾರ್ ತೆಂಗಿನಕಾಯಿ ಚೀಲ ಹಿಡಿದು ಶೆಡ್ಡಿನೊಳಗೆ ಬಂದರು. ತಿಪಟೂರಿನ ಕೊಬ್ಬರಿ ವ್ಯಾಪಾರಿ. ಹುಳಿಯಾರಿನಾಚೆ ಬಯಲಲ್ಲಿ ರನ್‌ವೇ ಹಾಕಿಸಿ ಈ ಹಾರಾಟದ ಶಾಲೆ ತೆರೆದವರು.

"ಇನ್ನೂ ಮುಗೀಲಿಲ್ವೇನಮ್ಮ?"

"ಈ ಸಿಲಿಂಡರ್ ಬಿಚ್ಬೇಕು ಸಾರ್. ವಾಲ್ವ್ ಒಂದು ಕಡೆ ಸುಡ್ತಾ ಐತೆ."

"ಮುರಿದೈತಾ?"

"ಇಲ್ಲ. ಶುರುವಾಗೈತೆ. ಮೇಲೆ ಹೋದಾಗ ಮುರಿದ್ರೆ ಏನು ಮಾಡಾನ?"

"ಪ್ರೆಶರ್ ಟೆಸ್ಟ್ ಪಾಸಾಯ್ತು ಅಂತ ನೀನೇ ಅಂದೆ."

"ಮೊದಮೊದಲು ಅದರಲ್ಲಿ ಗೊತ್ತಾಗಲ್ಲ ಸಾರ್. ಬೆಳಗ್ಗೆ ನಡುಗ್ತೈತಲ್ಲ, ಅದೇ ಗುರುತು."

"ನಮ್ಮ ವಾಚ್‌ಮನ್ ಹುಚ್ಚಣ್ಣನೂ ಬೆಳಗ್ಗೆ ನಡುಗ್ತಾನೆ. ಒಂದು ಲೋಟ ಟೀ ಬಿದ್ರೆ ಸರಿಹೋಯ್ತಾನೆ. ಅವನ್ನೂ ಬಿಚ್ಚಿ ನೋಡಾನಾ?"

ಸೌಮ್ಯ ಪರದೆಯನ್ನು ಅವರ ಮುಖದ ಹತ್ತಿರ ಹಿಡಿದಳು. ಅವರು ಜೇಬಿನಿಂದ ಕನ್ನಡಕ ಕೂಡ ತೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತು, ನಾಳೆ ವಿಮಾನದ ಪೂಜೆಗೆ ಕಾಯಿ ಆರಿಸತೊಡಗಿದರು. ಒಂದೊಂದನ್ನೂ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುವರು, ಕಣ್ಣು ಮುಚ್ಚಿ ಕೇಳುವರು. ಒಂದನ್ನು ಎರಡು ಸಲ ಅಲ್ಲಾಡಿಸಿ ದೂರ ಇಟ್ಟರು.

"ಅದ್ಯಾಕೆ ಸಾರ್ ಬೇಡ?"

"ನೀರಿನ ಸದ್ದು ಸರಿಗಿಲ್ಲ. ಕೆಡಾಕೆ ಶುರುವಾಗೈತೆ."

"ಒಡೆದು ನೋಡದೆ ಹೆಂಗೆ ಹೇಳ್ತೀರಿ?"

"ಒಡೆದು ನೋಡೋ ಹೊತ್ತಿಗೆ ಪೂಜೆ ಕೆಟ್ಟಿರ್ತೈತೆ ಕಣಮ್ಮ."

ತಾವಾಡಿದ್ದು ಅವರ ಕಿವಿಗೆ ಬೀಳಲಿ ಎಂದು ಸೌಮ್ಯ ಕಾದಳು. ಅವರ ಕಿವಿಯಲ್ಲಿ ಆಗಲೇ ಮುಂದಿನ ಕಾಯಿ ಇತ್ತು.

"ಆ ಹುಡುಗಿ ಕಡೆಯೋರು ಟೆಂಪೋ ಮಾಡ್ಕೊಂಡು ಬತ್ತಾವ್ರೆ. ವಿಮಾನ ಹಾರಬೋದು ಅಂತ ನೀನು ಸೈನ್ ಹಾಕದಿದ್ರೆ ಬುಡು, ಬೆಳಗ್ಗೆ ಬಾಲರಾಜು ಬಂದು ಹಾಕ್ತಾನೆ. ಅವನೂ ಎಂಜಿನಿಯರೇ. ನಿನ್ನಂಗೆ ಅಪಶಕುನ ನುಡಿಯಲ್ಲ."

ಆರಿಸಿದ ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದರು. ಬೇಡವಾದದ್ದು ನೆಲದ ಮೇಲೇ ಉಳಿಯಿತು.

ಅಪಶಕುನ. ಈ ಮಾತು ಅವಳಿಗೆ ಮನೆಯಲ್ಲೇ ಅಭ್ಯಾಸವಾಗಿತ್ತು. ತೋಟದ ಮೋಟರಿನ ಸದ್ದು ಬದಲಾಗಿದೆ ಎಂದು ಅವಳು ಹೇಳಿದಾಗ ಮಾಯಸಂದ್ರದ ಗಂಡನ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಮೋಟರು ಸುಟ್ಟುಹೋದ ಮೇಲೆ ಅತ್ತೆ ಗುರುಶಾಂತಮ್ಮ ಬಂದವರಿಗೆಲ್ಲ ಹೇಳಿದ್ದು ಒಂದೇ: "ನಮ್ಮ ಸೊಸೇದು ಮಚ್ಚೆ ನಾಲಿಗೆ ಕಣ್ರೀ, ಅಂದಿದ್ದು ಆಗೋಯ್ತದೆ." ಗಂಡನೂ ನಕ್ಕಿದ್ದ. ಮುಂಚೆ ಹೇಳಿದರೆ ಹೆದರುಪುಕ್ಕಲಿ, ಆದ ಮೇಲೆ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ. ಇವುಗಳ ನಡುವೆ ಹೆಂಗಸೊಬ್ಬಳು ಬಾಯಿ ತೆರೆಯಲು ಸರಿಯಾದ ಗಳಿಗೆ ಯಾವುದೆಂದು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಆಶಾಳಿಗೆ ಫೋನ್ ಮಾಡೋಣವೆಂದುಕೊಂಡಳು. ಹುಡುಗಿಯ ಅಪ್ಪ ಹೋಗಿ ಬಸವಕುಮಾರರನ್ನು ಕೇಳುತ್ತಾರೆ. ಅವರು ಹುಚ್ಚಣ್ಣನ ಟೀ ಕಥೆ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಬೆಳಗ್ಗೆ ಬಾಲರಾಜು ಸೈನ್ ಹಾಕುತ್ತಾನೆ.

ಸೌಮ್ಯ ಫೋನನ್ನು ಕೆಳಗಿಟ್ಟಳು. ಕ್ಯಾಮೆರಾದ ವೈರನ್ನು ಹೊರಗೆಳೆದು, ಒರೆಸಿ, ಸುತ್ತಿಟ್ಟಳು. ಸಿಲಿಂಡರ್ ಬಿಚ್ಚಿ ಮೇಜಿನ ಮೇಲೆ ಇಟ್ಟುಬಿಟ್ಟರೆ ಯಾರ ಸೈನಿಗೂ ಎಂಜಿನ್ ತಿರುಗುವುದಿಲ್ಲ. ಮತ್ತೆ ಜೋಡಿಸಲು ವಾರ ಬೇಕು.

ಹುಚ್ಚಣ್ಣ ಬಾಗಿಲಲ್ಲಿ ಇಣುಕಿದ. "ಬೀಗ ಹಾಕ್ಲಾ ಮೇಡಂ?"

"ಸ್ವಲ್ಪ ತಾಳಪ್ಪ. ಕೈಲಿರೋ ಕೆಲ್ಸ ಮುಗಿಸ್ತೀನಿ," ಎಂದಳು, ಸ್ಪ್ಯಾನರಿನ ಪೆಟ್ಟಿಗೆ ತೆರೆಯುತ್ತ.