ಎಡಗಣ್ಣಿನ ಪರೀಕ್ಷೆ

ದರ್ಜಿ ಹೆಬ್ಬೆರಳಿನಿಂದ ಹೆಂಡತಿಯ ಎಡರೆಪ್ಪೆಯನ್ನು ಮತ್ತೆ ಕೆಳಗೆಳೆದ. ಬೆರಳು ತೆಗೆದದ್ದೇ ತಡ, ಅದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಬಲಗಣ್ಣು ಮಾತ್ರ ಒಳ್ಳೇ ಹುಡುಗಿಯ ಹಾಗೆ ಮುಚ್ಚಿಕೊಂಡಿತ್ತು.

"ಟೇಪ್ ಹಚ್ಚಿಬಿಡೋ. ಸ್ಮಶಾನದ ವ್ಯಾನ್ ಬರೋ ಹೊತ್ತಾಯ್ತು," ಎಂದಳು ಅವನ ಅಕ್ಕ.

"ಬೇಡ ಅಕ್ಕ. ರೆಪ್ಪೆಗೂದಲು ಕಿತ್ತು ಬರುತ್ತೆ ಅಂತ ಅವಳಿಗೆ ಟೇಪೇ ಆಗ್ತಿರಲಿಲ್ಲ."

"ಈಗ ಅವಳಿಗೇನೋ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

ಬಾಗಿಲ ಬಳಿ ಕೂತಿದ್ದ, ಹೆಂಡತಿಯ ಆಫೀಸಿನ ಜೊತೆಗಾರ ಮೂಗೊರೆಸಿಕೊಂಡ. "ಬಿಡಿ ಅಮ್ಮ, ಆ ಕಣ್ಣು ಇನ್ನೂ ಡ್ಯೂಟಿಲಿದೆ."

ನಗು ಅದುಮಲು ಹೋಗಿ ಅಕ್ಕನಿಗೆ ಬಿಕ್ಕಳಿಕೆ ಹತ್ತಿತು.

* * *

ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯ ಸಲಕರಣೆಗಳನ್ನು ಪರೀಕ್ಷಿಸುವುದು ದರ್ಜಿಯ ಹೆಂಡತಿಯ ಕೆಲಸವಾಗಿತ್ತು. ರೆಪ್ಪೆಯನ್ನು ಅಗಲಿಸಿ ಹಿಡಿಯುವ ತಂತಿಯ ಕ್ಲಿಪ್ಪನ್ನು ಆಫೀಸಿನಲ್ಲಿ ಅಳೆದು, ಬಗ್ಗಿಸಿ, ಸೂಕ್ಷ್ಮದರ್ಶಕದಡಿ ಹೊರಳಿಸಿ ನೋಡಿದ ಮೇಲೂ ಅವಳಿಗೆ ಸಮಾಧಾನವಿಲ್ಲ. ಹೊಸ ಮಾದರಿಯೊಂದನ್ನು ಮನೆಗೆ ತಂದು, ಕುದಿಸಿ, ಊಟದ ಮೇಜಿನೆದುರು ತನ್ನ ಎಡಗಣ್ಣಿಗೇ ತೊಡಿಸಿಕೊಳ್ಳುವಳು. ಯಾವ ನಿಯಮದಲ್ಲೂ ಇಲ್ಲದ ಪರೀಕ್ಷೆ. ಮರಗಟ್ಟಿಸುವ ಹನಿಯೂ ಇಲ್ಲ.

"ಹನಿ ಹಾಕಿದ್ರೆ ಕಣ್ಣು ಸುಳ್ಳು ಹೇಳುತ್ತೆ. ಹೂಂ, ನಗಿಸ್ರೀ."

ದರ್ಜಿ ಅಳತೆಪಟ್ಟಿಯನ್ನು ಸ್ಟೆತಾಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡು, ಅವಳ ಆಫೀಸಿನ ದೊಡ್ಡ ಡಾಕ್ಟರ ಮೂಗಿನ ದನಿ ತೆಗೆಯುವನು: "ಕೆಂಪು ದೀಪ ನೋಡಿಯಮ್ಮಾ... ಅಲುಗಾಡಬೇಡಿ... ನೀವು ಅಲುಗಾಡಿದ್ರೆ ನನಗೆ ಭಯ!"

ಒಂದು ಕಣ್ಣು ಬಿಟ್ಟುಕೊಂಡೇ ಅವಳು ಬಿದ್ದು ಬಿದ್ದು ನಗುವಳು. "ಅಯ್ಯೋ, ಚುಚ್ತು! ಫೇಲ್! ಹೆದರಿದೋರು ನಗ್ತಾರೆ, ಅಳ್ತಾರೆ. ಕಲ್ಲಿನ ಥರ ಮಲಗ್ತಾರಾ?"

ಕ್ಲಿಪ್ಪು ತೆಗೆದ ಮೇಲೆ ರೆಪ್ಪೆ ಮುಚ್ಚಲು ಅವನು ಕೈ ಚಾಚಿದರೆ ಫಟ್ಟನೆ ತಟ್ಟುವಳು. "ಒತ್ತಬೇಡಿ. ಒದ್ದೆ ಹತ್ತಿ ಇಟ್ಟು ಸುಮ್ನೆ ಕೂತ್ಕೊಳ್ಳಿ. ತಾನಾಗೇ ಇಳಿಯುತ್ತೆ."

* * *

"ಅಕ್ಕ, ಒಂಚೂರು ಹತ್ತಿ. ಉಗುರುಬೆಚ್ಚಗಿನ ನೀರು."

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಅಕ್ಕ ಕಿಟಕಿಯತ್ತ ಒಮ್ಮೆ, ತಮ್ಮನತ್ತ ಒಮ್ಮೆ ನೋಡಿದಳು. "ಕಾಯಲಿ ಬಿಡು," ಎಂದು ಒಳಗೆ ಹೋದಳು.

ದರ್ಜಿ ಒದ್ದೆ ಹತ್ತಿಯನ್ನು ರೆಪ್ಪೆಯ ಮೇಲಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ. ಮೂಗಿನ ದನಿ ಅರ್ಧಕ್ಕೇ ಒಡೆಯಿತು:

"ಮುಗೀತಮ್ಮಾ... ಕೆಂಪು ದೀಪ ಆರಿಸಿದ್ವಿ."

ಜೊತೆಗಾರ ದಡಕ್ಕನೆ ಎದ್ದು ನಿಂತಿದ್ದ. "ಡಾಕ್ಟರೇ ಬಂದ್ರು ಅನ್ಕೊಂಡೆ," ಎಂದು ನಾಚಿ ಮತ್ತೆ ಕೂತ.

ದರ್ಜಿ ಹತ್ತಿಯನ್ನೆತ್ತಿದ. ರೆಪ್ಪೆ ಇಳಿದಲ್ಲೇ ನಿಂತಿತ್ತು. ಅವನು ಹತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವಳು ನೋಡುತ್ತಿದ್ದ ಹಾಗೆ, ಹಿಂದೆ ಮುಂದೆ ಹೊರಳಿಸಿ ನೋಡಿದ. ಒಂದೇ ಒಂದು ರೆಪ್ಪೆಗೂದಲೂ ಅಂಟಿರಲಿಲ್ಲ.