ನಾಲ್ಕನೇ ಪೆಟ್ಟಿಗಾಗಿ ಕಾದ ಕೌದಿ

ನಾನು ಒಂದು ಕೌದಿ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಫಕೀರವ್ವ ಎಂಬ ಮುದುಕಿಯ ಕೈಯಲ್ಲಿ ಹುಟ್ಟಿದವಳು. ನನ್ನ ಮೈಯಲ್ಲಿ ಹೊಸ ಬಟ್ಟೆ ಎನ್ನುವುದು ಒಂದು ಗೇಣೂ ಇಲ್ಲ. ಫಕೀರವ್ವನ ಗಂಡ ಉಟ್ಟು ಬಿಟ್ಟ ಧೋತರ, ಅವಳವೇ ಎರಡು ಇಳಕಲ್ ಸೀರೆ, ಮಗಳು ಕಲ್ಲವ್ವನ ಶಾಲೆಯ ನೀಲಿ ಲಂಗ, ಯಾರದೋ ಬಾಣಂತನದ ಹಸಿರು ಕುಬಸ, ಇವೆಲ್ಲ ಪದರ ಪದರವಾಗಿ ಕೂಡಿ ನಾನಾದೆ. ಇಡೀ ಬೇಸಿಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅವಳು ನನ್ನನ್ನು ಹೊಲಿದಳು. ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದಳು. ಅಂಗೈಯಷ್ಟು ಜಾಗ ಉಳಿದಾಗ ಸೂಜಿ ಚುಚ್ಚಿಟ್ಟು ಒಳಗೆ ಹೋಗಿ ಒಂದು ತುಣುಕು ರೊಟ್ಟಿ, ಒಂದು ಚೂರು ಬೆಲ್ಲ ತಂದು ನನ್ನ ಹೊಟ್ಟೆಯಲ್ಲಿಟ್ಟಳು.

“ಕೌದಿ ಹೊಟ್ಟಿ ಬರಿದ ಇರಬಾರದವ್ವ. ಹಸದ ಕೌದಿ ಹೊಚಗೊಂಡವರಿಗೆ ನಿದ್ದಿ ಕೊಡಂಗಿಲ್ಲ,” ಎಂದು ಮಗಳಿಗೆ ಹೇಳಿ, ಉಳಿದ ಬಾಯನ್ನೂ ಹೊಲಿದುಬಿಟ್ಟಳು.

ಹೊಟ್ಟೆ ತುಂಬಿಸಿ ಬಾಯಿ ಹೊಲಿಯುವುದು! ಎಂಥ ಉಪಕಾರ ಎಂದು ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ಕಲ್ಲವ್ವನ ಮದುವೆಯಾದಾಗ ನಾನೂ ಅವಳ ಜೊತೆ ಗಂಟಿನಲ್ಲಿ ಹೋದೆ. ಅವಳ ಗಂಡ ಇದ್ದೂ ಇಲ್ಲದಂತಿದ್ದು, ಕೊನೆಗೆ ಇಲ್ಲವೇ ಆದ. ಕಲ್ಲವ್ವ ಕೂಸನ್ನೂ ನನ್ನನ್ನೂ ಎತ್ತಿಕೊಂಡು ತವರಿನ ಓಣಿಗೇ ಮರಳಿದಳು. ಎರಡು ಕೋಣೆಯ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ಹಾಕಿದಳು. ಮಗಳು ಶೈಲಾ ಹಿಂದಿನ ಕೋಣೆಯಲ್ಲಿ ನನ್ನ ಮೇಲೆ ಬೆಳೆದಳು. ಅವಳು ನನ್ನನ್ನು ಎಷ್ಟು ಸಲ ತೋಯಿಸಿದ್ದಾಳೆ ಎಂದು ಹೇಳಿದರೆ ದೊಡ್ಡ ಹಾಡುಗಾರ್ತಿಗೆ ಅವಮಾನವಾದೀತು, ಬಿಡಿ.

ನಸುಕಿನಿಂದ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಒಂದೇ ಸಪ್ಪಳ. ಕಲ್ಲವ್ವನ ಬಲಗೈ ಜೋಳದ ಹಿಟ್ಟಿನ ಮೇಲೆ ಬೀಳುತ್ತಿತ್ತು, ಎಡಗೈ ರೊಟ್ಟಿಯನ್ನು ತಿರುವುತ್ತಿತ್ತು. ನಾಲ್ಕು ಪೆಟ್ಟು, ಒಂದು ಸುತ್ತು. ಮತ್ತೆ ನಾಲ್ಕು ಪೆಟ್ಟು. ಗಡಿಯಾರ ಕೂಡ ಅಷ್ಟು ನಿಯತ್ತಿನಿಂದ ನಡೆಯುವುದಿಲ್ಲ. ಶೈಲಾ ಮಗ್ಗಿ ಕಲಿತದ್ದು ಆ ಪೆಟ್ಟಿಗೆ, ಬೈಗುಳ ಕಲಿತದ್ದೂ ಆ ಪೆಟ್ಟಿಗೆ. ಕಾಲೇಜಿಗೆ ಹೋಗುವ ಹೊತ್ತಿಗೆ ಅವಳ ಮಾತೆಲ್ಲ ತಾಳಕ್ಕೆ ಬೀಳತೊಡಗಿತ್ತು. ಅದಕ್ಕೆ ರ‍್ಯಾಪ್ ಅನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು.

ಅವಳ ಗೆಳೆಯ ಇರ್ಫಾನ್ ಮೊಬೈಲ್ ರಿಪೇರಿ ಅಂಗಡಿಯವನು. ಲ್ಯಾಪ್‌ಟಾಪು, ಮೈಕು ತಂದು ಹಿಂದಿನ ಕೋಣೆಯಲ್ಲಿಟ್ಟ. ಶೈಲಾ ಒಂದು ಮಾತಾಡಿದರೆ ಗೋಡೆ ಎರಡಾಡುತ್ತಿತ್ತು. ಅವನು ಸುತ್ತ ನೋಡಿ, ನನ್ನನ್ನು ಎಳೆದು, ಎರಡು ಮೊಳೆ ಹೊಡೆದು ಮೂಲೆಗೆ ಅಡ್ಡ ತೂಗುಹಾಕಿದ.

“ಗ್ವಾಡಿ ಆಡಿದ್ದನ್ನ ತಿರುಗಿ ಆಡ್ತಾವ. ಕೌದಿ ಹಂಗಲ್ಲ, ಎಲ್ಲಾ ನುಂಗತೈತಿ,” ಎಂದ.

ಹಾಗೆ ನಾನು ಮುಪ್ಪಿನಲ್ಲಿ ನೌಕರಿಗೆ ಸೇರಿದೆ. ನುಂಗುವುದು ನನ್ನ ಕೆಲಸ. ಶೈಲಾ ನನ್ನ ಹಿಂದೆ ನಿಂತು, ಕಣ್ಣು ಮುಚ್ಚಿ, ಮೈಕಿಗೆ ಮುಖ ಕೊಟ್ಟು ಹೇಳುತ್ತಿದ್ದಳು:

“ಹಿಟ್ಟು ನಂದು, ಬೆಂಕಿ ನಂದು, ಸುಟ್ಟ ಬಟ್ಟು ನಂದು,
ಉಂಡು ಎದ್ದು ಹೆಸರ ಹೇಳೂದು ಮಾತ್ರ ನಿಂದು!”

ಹಿಂದೆ ಡೋಲು ಇರಲಿಲ್ಲ. ಕಲ್ಲವ್ವನ ಕೈ ಇತ್ತು. ರೊಟ್ಟಿ ಬಡಿಯುವ ಹಲಗೆಯ ಪಕ್ಕ ಫೋನಿಟ್ಟು, ಅವಳಿಗೆ ಹೇಳದೆ ಆ ಸಪ್ಪಳ ಹಿಡಿದಿದ್ದರು. ‘ಖಡಕ್ ರೊಟ್ಟಿ’ ಎಂಬ ಆ ಮೊದಲ ಆಲ್ಬಂ ಬಂದದ್ದೇ ತಡ, ಉತ್ತರ ಕರ್ನಾಟಕದ ಹುಡುಗರಿಗೆಲ್ಲ ಹುಚ್ಚು ಹಿಡಿಯಿತು. ಆಟೋದಲ್ಲಿ ಅದೇ, ಮದುವೆ ಮೆರವಣಿಗೆಯಲ್ಲಿ ಅದೇ. ಶೈಲಾ ಹೋಗಿ ಖಡಕ್ ಶೈಲಾ ಆದಳು. “ಹೆಣ್ಣಹುಡುಗಿ ಹಿಂಗ ಒದರಬಾರದು,” ಎಂದಿದ್ದ ಓಣಿಯ ಹಿರಿಯರೇ ಮೊಮ್ಮಕ್ಕಳನ್ನು ಕರೆತಂದು ಫೋಟೋ ತೆಗೆಸಿಕೊಂಡರು.

ಸತ್ಯ ಗೊತ್ತಾದ ದಿನ ಕಲ್ಲವ್ವ ಹಿಟ್ಟಿನ ಕೈಯನ್ನು ಹಿಂದೆ ಮುಂದೆ ತಿರುವಿ ನೋಡಿಕೊಂಡಳು. “ನನ್ನ ಕೈ ಸಪ್ಪಳಕ್ಕ ಇಷ್ಟ ಮಂದಿ ಕುಣಿತಾರೇನ ಶೈಲಾ?” ಎಂದು ಮೂರು ಸಲ ಕೇಳಿದಳು. ಆ ದಿನ ಅವಳಷ್ಟು ಚೆಲುವೆಯನ್ನು ನಾನು ನೋಡಿಲ್ಲ.

ಮರು ವರ್ಷ, ಒಂದು ಮುಂಜಾನೆ, ಹಂಚಿನ ಮುಂದೆ ಕೂತಿದ್ದವಳು ಕೂತಲ್ಲೇ ವಾಲಿದಳು. ಲಕ್ವಾ. ಬಲಗೈ, ಬಲಗಾಲು ಎರಡೂ ಹೋದವು. ಮೂಲೆಯಿಂದ ನನ್ನನ್ನು ಇಳಿಸಿ ಅವಳಿಗೆ ಹೊದಿಸಿದರು. ಆ ಕೈಯನ್ನು ನಾನು ತಿಂಗಳುಗಟ್ಟಲೆ ಮುಚ್ಚಿಕೊಂಡಿದ್ದೆ. ಅದು ತಣ್ಣಗಿತ್ತು, ಬೇರೆ ಯಾರದೋ ಕೈ ತಂದಿಟ್ಟ ಹಾಗಿತ್ತು. ಡಾಕ್ಟರು ಮಾತ್ರ ಶೈಲಾಗೆ ಹೇಳಿದ್ದರು: “ಕೈ ಆಡಿಸೋದೇ ಔಷಧ. ಅವರು ಆಡಿಸೋದನ್ನ ಬಿಟ್ಟರೆ ಮುಷ್ಟಿ ಬಿಗಿದುಬಿಡ್ತದ. ಆಮೇಲೆ ಯಾರಿಗೂ ತೆಗೆಯೋಕೆ ಬರಲ್ಲ.”

ರಬ್ಬರ್ ಚೆಂಡು ಕೊಟ್ಟರು, ಕಲ್ಲವ್ವ ಎಸೆದಳು. ಶೈಲಾ ಹಿಟ್ಟಿನ ಉಂಡೆ ಕೊಟ್ಟಳು. ಕೈ ಅದನ್ನು ಗುರುತು ಹಿಡಿಯಿತು. ಮೊದಲ ದಿನ ಒಂದು ಪೆಟ್ಟು. ವಾರಕ್ಕೆ ಎರಡು. ನಾಲ್ಕನೇ ತಿಂಗಳಿಗೆ ಕಲ್ಲವ್ವ ಹಲಗೆಯ ಮುಂದೆ ಕೂತು, ದಿನಕ್ಕೊಂದೇ ಆದರೂ, ಪೂರಾ ರೊಟ್ಟಿ ಬಡಿದಳು. ಆದರೆ ಮೂರು ಪೆಟ್ಟು ಬಿದ್ದ ಮೇಲೆ ಕೈ ನಿಲ್ಲುತ್ತಿತ್ತು. ಮೇಲೆದ್ದು ಗಾಳಿಯಲ್ಲಿ ನಡುಗುತ್ತಿತ್ತು. ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ನಾಲ್ಕನೆಯದು ತಡವಾಗಿ, ತನಗೆ ಬೇಕಾದಾಗ, ಬೀಳುತ್ತಿತ್ತು.

ಶೈಲಾ ಆ ಸಪ್ಪಳದ ಮೇಲೇ ಎರಡನೇ ಆಲ್ಬಂ ಕಟ್ಟಿದಳು. ಹೆಸರು ‘ನಾಕನೇ ಪೆಟ್ಟು’. ನಾನು ಮತ್ತೆ ಮೊಳೆಗೇರಿದೆ. ಇರ್ಫಾನ್ ಕೇಳಿ ತಲೆ ಕೆರೆದುಕೊಂಡ.

“ತಾಳಕ್ಕ ಕೂಡಾಂಗಿಲ್ಲಲೇ ಇದು. ಎರಡ ನಿಮಿಷದ ಕೆಲಸ, ಎಳದ ಕೂಡಸ್ತೀನಿ.”

“ನಮ್ಮವ್ವನ ಕೈ ಎಳಿಯಾಕ ನಾ ಯಾರನ್ನೂ ಬಿಡಂಗಿಲ್ಲ,” ಎಂದಳು ಶೈಲಾ. “ಅಕಿ ಬರೂತನಕ ನಾ ಕಾಯ್ತೀನಿ.”

ಕಾದಳು. ಪ್ರತಿ ಸಾಲಿನಲ್ಲೂ ಕಾದಳು. ಒಂದೊಂದು ಸಲ ನಾಲ್ಕನೇ ಪೆಟ್ಟು ಒಂದೊಂದು ಕಡೆ ಬೀಳುತ್ತಿತ್ತು. ಅಲ್ಲಿಗೇ ತನ್ನ ಮಾತನ್ನು ಒಯ್ದು ಇಡುತ್ತಿದ್ದಳು. ಬೈಗುಳ ಒಂದೂ ಇರಲಿಲ್ಲ.

“ಮೂರು ಬಡದ ನಿಂತಿ ಅವ್ವಾ, ನಾನೂ ನಿಂತೇನಿ,
ನಾಕನೇದು ಬರೂತನಕ ಉಸರ ಹಿಡದೇನಿ.”

ನಾನು ಅವಳ ಎಲ್ಲ ಹಾಡನ್ನೂ ನುಂಗಿದವಳು. ಅಂಥದ್ದನ್ನು ಮೊದಲೂ ನುಂಗಿರಲಿಲ್ಲ, ಆಮೇಲೂ ನುಂಗಲಿಲ್ಲ. ಕಲ್ಲವ್ವನಿಗೆ ಈ ಸಲ ಎಲ್ಲ ಗೊತ್ತಿತ್ತು. “ಮಂದಿ ಕೇಳಬೇಕಲ್ಲ, ಇನ್ನೊಂದ ಬಡೀತೀನಿ ತಡಿ,” ಎಂದು ದಿನಕ್ಕೊಂದರ ಬದಲು ಐದು ರೊಟ್ಟಿ ಬಡಿಯತೊಡಗಿದಳು. ಹಾಡು ಗೆದ್ದರೆ ಕೈ ಗೆದ್ದೀತು ಎಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ನನಗೇನು ದೊಡ್ಡ ಬುದ್ಧಿ?

ಶುಕ್ರವಾರ ಆಲ್ಬಂ ಬಂತು. ಇರ್ಫಾನ್ ಪೇಡೆ ತಂದಿದ್ದ. ಕಲ್ಲವ್ವ ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದಳು. ಮಂದಿ ಏನು ಬರೆದಿದ್ದಾರೆಂದು ಶೈಲಾ ಫೋನು ನೋಡಿ ಓದಿ ಹೇಳಬೇಕು. ಫೋನು ನೋಡಿದಳು, ಓದಲಿಲ್ಲ.

“ಏನಂತಾರ?” ಎಂದಳು ಕಲ್ಲವ್ವ.

“ಚಲೋ ಐತಿ ಅಂತಾರವ್ವ.”

ಫೋನು ಮಂಚದ ಮೇಲೇ ಬಿದ್ದಿತ್ತು. ಇರ್ಫಾನ್ ಎತ್ತಿಕೊಂಡು, ಬಾಗಿಲಾಚೆ ನಿಂತು, ಹಲ್ಲು ಕಡಿಯುತ್ತ ಮೆಲ್ಲಗೆ ಓದಿದ. ‘ಅಕ್ಕಾ, ಹಾಡು ನಿಂತ ನಿಂತ ಬರಾಕತ್ತೈತಿ, ನಮ್ಮ ನೆಟ್‌ವರ್ಕ್ ಸರಿ ಇಲ್ಲೇನು?’ ‘ನಾನೂ ಮೂರು ಸಲ ಬಂದ್ ಮಾಡಿ ಹಚ್ಚಿದೆ.’ ‘ತಾಳ ತಪ್ಪೈತಿ, ಕುಡದ ಬಡದಾರೇನ?’ ‘ಖಡಕ್ ರೊಟ್ಟಿ ಹಳಸೈತಿ.’ ಹಾಡುಗಳ ಬಗ್ಗೆ ವಿಡಿಯೋ ಮಾಡುವ ಒಬ್ಬ ಜಾಣ, ಈ ಹುಡುಗಿಗೆ ಗೆಲುವು ತಲೆಗೇರಿದೆ, ದುಡಿಮೆ ಬಿಟ್ಟಿದ್ದಾಳೆ, ಬೀಟು ಸರಿ ಕೂಡಿಸುವಷ್ಟೂ ಪುರುಸೊತ್ತಿಲ್ಲ ಎಂದು ಹತ್ತು ನಿಮಿಷ ಮಾತಾಡಿದ್ದ. ಬಾಗಲಕೋಟೆಯ ಒಬ್ಬ ಹೆಣ್ಣುಮಗಳು ಮಾತ್ರ, ‘ನಮ್ಮಪ್ಪಗೂ ಹಿಂಗ ಆಗೇತಿ, ಪೂರಾ ಕೇಳಿದೆ, ಅತ್ತಬಿಟ್ಟೆ,’ ಎಂದು ಬರೆದಿದ್ದಳು. ಶೈಲಾ ಅದನ್ನು ನನ್ನ ಮರೆಯಲ್ಲಿ ನಿಂತು ಎಷ್ಟು ಸಲ ಓದಿದಳೋ! ನೂರು ಮಂದಿ ನಕ್ಕ ಕಡೆ ಒಬ್ಬಳ ಅಳು ಯಾರಿಗೆ ಕೇಳೀತು?

ವಾರ ಕಳೆಯುವುದರೊಳಗೆ ಯಾವನೋ ಪುಣ್ಯಾತ್ಮ ಹಾಡನ್ನು ‘ರಿಪೇರಿ’ ಮಾಡಿ ಬಿಟ್ಟ. ನಾಲ್ಕನೇ ಪೆಟ್ಟನ್ನು ಹಿಡಿದೆಳೆದು ಮೂರರ ಹಿಂದೆ ಕೂಡಿಸಿದ್ದ. ಮಂದಿಗೆ ಅದು ಹಿಡಿಸಿತು. ಇದೀಗ ಸರಿಯಾಯಿತು ಎಂದರು. ಶೈಲಾ ಅವ್ವನಿಗೆ ಕೇಳಿಸದಂತೆ ಕಿಟಕಿ ಹಾಕಿದಳು.

ಆದರೂ ಅವಳಿಗೆ ಒಂದು ಆಸೆ ಇತ್ತು. ಎದುರಿಗೆ ನಿಂತು ಹಾಡಿದರೆ ಮಂದಿಗೆ ತಿಳಿದೀತು. ಒಂದು ಕಾಲೇಜಿನ ಗ್ಯಾದರಿಂಗಿಗೆ ಕರೆ ಬಂದಾಗ ಅವ್ವನನ್ನೂ ಕರೆದೊಯ್ದಳು. ಸಂಜೆಯ ಕಾರ್ಯಕ್ರಮ. ಗಾಲಿ ಕುರ್ಚಿ ಮೊದಲ ಸಾಲಿನಲ್ಲಿ, ನಾನು ಕಲ್ಲವ್ವನ ತೊಡೆಯ ಮೇಲೆ, ಅವಳ ಬಲಗೈ ನನ್ನ ಮೇಲೆ. ಶೈಲಾ ಹಾಡು ಶುರುಮಾಡಿದಳು. ಮೂರು ಪೆಟ್ಟು ಬಿದ್ದವು. ನಿಂತವು. ಕಲ್ಲವ್ವನ ಕೈ ನನ್ನ ಮೇಲೆ ತನ್ನಷ್ಟಕ್ಕೇ ಮೂರು ತಟ್ಟಿ ಮೇಲೆದ್ದಿತ್ತು.

ಅಷ್ಟರಲ್ಲಿ ಹುಡುಗರು ಆ ಖಾಲಿ ಜಾಗದಲ್ಲಿ ತಾವೇ ಚಪ್ಪಾಳೆ ಹೊಡೆದರು. ಸಾವಿರ ಕೈ, ಒಂದೇ ಚಪ್ಪಾಳೆ, ತಾಳಕ್ಕೆ ಸರಿಯಾಗಿ. ಅದಾದ ಮೇಲೆ ಕಲ್ಲವ್ವನ ಪೆಟ್ಟು ಸ್ಪೀಕರಿನಲ್ಲಿ ಒಂಟಿಯಾಗಿ ಬಿತ್ತು. ಸಭೆ ಗೊಳ್ಳೆಂದು ನಕ್ಕಿತು. ಪ್ರತಿ ಸಾಲಿಗೂ ಹಾಗೇ ಮಾಡಿದರು. ಅವರಿಗೆ ಅದು ಆಟ. ಕೆಟ್ಟ ಹುಡುಗರೇನಲ್ಲ, ಯಾರ ಕೈ ಎಂದು ಅವರಿಗೆ ಯಾರು ಹೇಳಿದ್ದರು? ಶೈಲಾ ಮೈಕು ಕೆಳಗಿಳಿಸಿ, “ಅದು ನಮ್ಮವ್ವನ ಕೈರೀ,” ಎಂದಳು. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. “ಹಳೇದ ಹಾಡ್ರೀ, ಖಡಕ್ ರೊಟ್ಟಿ!” ಎಂದು ಹಿಂದಿನಿಂದ ಕೂಗಿದರು.

ಕಲ್ಲವ್ವನ ಕೈ ಮೇಲೆದ್ದದ್ದು ಕೆಳಗೆ ಬೀಳಲಿಲ್ಲ. ಎಡಗೈಯಿಂದ ಅದನ್ನು ಹಿಡಿದು, ಕದ್ದ ವಸ್ತುವನ್ನು ಅಡಗಿಸುವ ಹಾಗೆ ನನ್ನ ಕೆಳಗೆ ತುರುಕಿಕೊಂಡಳು.

ಮರುದಿನ ಶೈಲಾ ಹಿಟ್ಟಿನ ಉಂಡೆ ಮುಂದಿಟ್ಟಳು. ಕಲ್ಲವ್ವ ಮುಟ್ಟಲಿಲ್ಲ.

“ಒಂದ ರೊಟ್ಟಿ ಯವ್ವಾ. ಡಾಕ್ಟರು ಏನಂದಾರ, ಮರತ್ಯಾ?”

“ನನ್ನ ಕೈಯಿಂದ ನಿನ್ನ ಹಾಡ ಕೆಟ್ಟಿತು. ನನ್ನ ಕೂಸಿಗೆ ಮಂದಿ ನಕ್ಕರು.”

“ಕೆಟ್ಟದ್ದು ಮಂದಿ ಕಿವಿ, ನಿನ್ನ ಕೈ ಅಲ್ಲ.”

“ಇರ್ಫಾನಗ ಹೇಳು, ಹಳೇ ಸಪ್ಪಳ ಹಾಕಲಿ,” ಎಂದು ಕಲ್ಲವ್ವ ಗೋಡೆಯ ಕಡೆ ಹೊರಳಿದಳು. ಆಮೇಲೆ ‘ಇನ್ನೊಂದ ಬಡೀತೀನಿ’ ಎಂಬ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ.

ಈಗ ನನಗೆ ವಯಸ್ಸಾಯಿತು. ಧೋತರ ಪಿಸಿದಿದೆ, ಇಳಕಲ್ ಸೆರಗು ಎಳೆ ಬಿಟ್ಟಿದೆ. ಮೂಲೆಯ ಎರಡು ಮೊಳೆಗೆ ಶೈಲಾ ಒಗೆದ ಬಟ್ಟೆ ಹಾಕುತ್ತಾಳೆ. ಮೂರನೇ ಆಲ್ಬಂ ಯಾವಾಗ ಎಂದು ಮೊದಮೊದಲು ಕೇಳುತ್ತಿದ್ದ ಮಂದಿ ಈಗ ಕೇಳುವುದಿಲ್ಲ. ಲ್ಯಾಪ್‌ಟಾಪು ಇರ್ಫಾನನ ಅಂಗಡಿಗೆ ಮರಳಿತು. ರೊಟ್ಟಿ ಕೇಂದ್ರ ನಡೆಯಬೇಕಲ್ಲ, ಹಲಗೆಯ ಮುಂದೆ ಶೈಲಾಳೇ ಕೂರುತ್ತಾಳೆ. ಅವಳ ಕೈ ಸರಿಯಾಗಿ, ನಾಲ್ಕಕ್ಕೆ ನಾಲ್ಕು ಬೀಳುತ್ತದೆ. ಹಿಂದಿನ ಕೋಣೆಯಲ್ಲಿ ನನ್ನ ಕೆಳಗೆ ಕಲ್ಲವ್ವ ಮಲಗಿರುತ್ತಾಳೆ. ಡಾಕ್ಟರು ಹೇಳಿದಂತೆಯೇ ಆಯಿತು. ಬೆರಳುಗಳು ಒಂದೊಂದಾಗಿ ಒಳಗೆ ಮಡಚಿಕೊಂಡವು.

ದಿನಾ ಕೊನೆಯ ರೊಟ್ಟಿಗೆ ಶೈಲಾ ಒಂದು ಕೆಲಸ ಮಾಡುತ್ತಾಳೆ. ಮೂರು ಬಡಿದು ನಿಲ್ಲುತ್ತಾಳೆ. ಬೇಕೆಂದೇ ನಿಲ್ಲುತ್ತಾಳೆ. ಒಳಗಿನಿಂದ, ಮಂಚದ ಅಂಚಿಗೋ ಗೋಡೆಗೋ, ನಾಲ್ಕನೆಯದು ಬಂದೀತೇ ಎಂದು ಕಿವಿಗೊಟ್ಟು ಕೂರುತ್ತಾಳೆ.

ಮೊನ್ನೆ ಆ ಹೊತ್ತಿನಲ್ಲಿ ನನ್ನ ಕೆಳಗೆ ಮುಷ್ಟಿ ಅಲುಗಿತು. ಒಂದು ಬೆರಳು, ಒಂದೇ ಬೆರಳು, ಎದ್ದು ನನಗೆ ತಾಗಿತು. ಕಲ್ಲವ್ವ ಎಡಗೈಯಿಂದ ಅದನ್ನು ಒತ್ತಿ ಹಿಡಿದಳು, ಅದು ಸುಮ್ಮನಾಗುವವರೆಗೆ. ಶೈಲಾಗೆ ಇದು ಕೇಳಲಿಲ್ಲ. ನಾನು ಗೋಡೆಯಾಗಿದ್ದರೆ ಒಂದು ಸಲವಾದರೂ ತಿರುಗಿ ಹೇಳುತ್ತಿದ್ದೆ. ನಾನು ಕೌದಿ, ಬಾಯಿ ಹೊಲಿದಿದ್ದಾರೆ.

ಬಹಳ ಹೊತ್ತಿನ ಮೇಲೆ ನಾಲ್ಕನೆಯದನ್ನು ಶೈಲಾಳೇ ಬಡಿದಳು.